ಅರೆಕಾಲಿಕ ಸಿಪಾಯಿ, ಇಬ್ಬರು ಒಡೆಯರು

ಅಮೆರಿಕದ ಸೇನೆಗೆ ಹೊಸದಾಗಿ ಸೇರುವವನು ನಾಲ್ಕು ವರ್ಷಕ್ಕೆಂದು ಹೊರಟರೂ, ಸಹಿ ಹಾಕುವುದು ಎಂಟು ವರ್ಷದ ಕರಾರಿಗೆ. ನಾಲ್ಕು ಮುಗಿಸಿ ಸಮವಸ್ತ್ರ ಮಡಚಿಡುವ ಹೊತ್ತಿಗೆ ಉಳಿದ ನಾಲ್ಕರ ಲೆಕ್ಕ ಎದುರಿಗೆ ಬರುತ್ತದೆ. ಸುಮ್ಮನಿದ್ದರೆ ಹೆಸರು ಒಂದು ಪಟ್ಟಿ ಸೇರುತ್ತದೆ: ಕವಾಯತಿಲ್ಲ, ಸಂಬಳವಿಲ್ಲ, ಕರೆದರೆ ಮಾತ್ರ ಹೋಗಬೇಕು. ಯಾರು ಕರೆಯುತ್ತಾರೆ ಎಂದು ನಿಶ್ಚಿಂತರಾಗಿದ್ದವರಿಗೆ 2004ರಲ್ಲಿ ಆಘಾತ ಕಾದಿತ್ತು. ಇರಾಕ್, ಅಫ್ಘಾನಿಸ್ತಾನಗಳಿಗಾಗಿ ಇದೇ ಪಟ್ಟಿಯಿಂದ ಸುಮಾರು 5,600 ಜನರನ್ನು ಕರೆಸುವುದಾಗಿ ಸೇನೆ ಪ್ರಕಟಿಸಿತು.

ಪಟ್ಟಿ ಬೇಡವೆಂದರೆ ಎರಡು ಬಾಗಿಲುಗಳಿವೆ: ನ್ಯಾಷನಲ್ ಗಾರ್ಡ್ ಮತ್ತು ಆರ್ಮಿ ರಿಸರ್ವ್. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರದ ಶಿಬಿರ. ಒಂದು ವಾರಾಂತ್ಯಕ್ಕೆ ನಾಲ್ಕು ಡ್ರಿಲ್, ಒಂದೊಂದು ಡ್ರಿಲ್‌ಗೂ ಒಂದು ದಿನದ ಮೂಲವೇತನ. ಅಂದರೆ ಎರಡು ದಿನ ದುಡಿದರೆ ನಾಲ್ಕು ದಿನದ ಸಂಬಳ. ಅದೇ ಸಮವಸ್ತ್ರ, ಅದೇ ಹುದ್ದೆಗಳು, 20 ವರ್ಷ ಪೂರೈಸಿದವರಿಗೆ ಸಾಮಾನ್ಯವಾಗಿ 60ನೇ ವಯಸ್ಸಿಗೆ ಅದೇ ಪಿಂಚಣಿ. ಹಾಗಿದ್ದರೆ ಎರಡೇಕೆ? ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ 1964ರಲ್ಲಿ ಇದೇ ಪ್ರಶ್ನೆ ಎತ್ತಿ, ರಿಸರ್ವನ್ನು ಗಾರ್ಡ್‌ನಲ್ಲಿ ವಿಲೀನ ಮಾಡಲು ಹೊರಟರು. ಕಾಂಗ್ರೆಸ್ ಒಪ್ಪಲಿಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಮೆಕ್‌ನಮಾರಾ ಸರಿಯೇ ಇದ್ದರು. ಆದರೆ ಇದು ಲೆಕ್ಕಪತ್ರದ ಸಂಗತಿಯಾಗಿರಲಿಲ್ಲ.

ಸಿಪಾಯಿ ಯಾರವನು ಎಂಬ ಜಗಳ ಆ ದೇಶಕ್ಕಿಂತ ಹಳೆಯದು. 1636ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಬೇ ವಸಾಹತು ತನ್ನ ಊರೂರಿನ ಕೋವಿ ಹಿಡಿದ ಗಂಡಸರನ್ನು ಮೂರು ರೆಜಿಮೆಂಟುಗಳಾಗಿ ಕಟ್ಟಿತು. ಗಾರ್ಡ್ ತನ್ನ ಹುಟ್ಟುಹಬ್ಬ ಆಚರಿಸುವುದು ಆ ದಿನವೇ. ಮುಂದೆ ಸಂವಿಧಾನ ಬರೆದವರು ಈ ಮಿಲಿಷಿಯಾವನ್ನು ರಾಜ್ಯಗಳ ಕೈಯಲ್ಲೇ ಬಿಟ್ಟು, ಮೂರು ಕೆಲಸಕ್ಕೆ ಮಾತ್ರ ಕೇಂದ್ರ ಕರೆಯಬಹುದೆಂದರು: ಕಾನೂನು ಜಾರಿ, ದಂಗೆ ಅಡಗಿಸುವುದು, ದಾಳಿ ತಡೆಯುವುದು. ದಾಳಿ ಮಾಡುವುದು ಆ ಪಟ್ಟಿಯಲ್ಲಿರಲಿಲ್ಲ. 1812ರ ಅಕ್ಟೋಬರಿನಲ್ಲಿ ನಯಾಗರಾ ನದಿಯಾಚೆಯ ಕ್ವೀನ್ಸ್‌ಟನ್ ಹೈಟ್ಸ್‌ನಲ್ಲಿ ತಮ್ಮವರು ಬ್ರಿಟಿಷರೆದುರು ಸೋಲುತ್ತಿದ್ದಾಗ, ನ್ಯೂಯಾರ್ಕಿನ ಮಿಲಿಷಿಯಾದ ಬಹುಪಾಲು ಜನ ಈ ದಡದಲ್ಲೇ ನಿಂತು ನೋಡಿದರು. ನದಿ ದಾಟಿದರೆ ಕೆನಡಾ. ಅಲ್ಲಿಗೆ ತಮ್ಮನ್ನು ಕಳಿಸುವ ಹಕ್ಕು ಯಾರಿಗೂ ಇಲ್ಲವೆಂಬುದು ಅವರ ವಾದ. ಹೆದರಿಕೆಯೂ ಇದ್ದಿರಬೇಕು, ಆದರೆ ಕಾನೂನು ಆಸರೆಯಾಗಿ ಸಿಕ್ಕಿತು.

ರಿಸರ್ವ್ ಹುಟ್ಟಿದ್ದು ವೈದ್ಯರಿಂದ. 1898ರ ಸ್ಪೇನ್ ಯುದ್ಧದಲ್ಲಿ ಅಮೆರಿಕದ ಸೈನಿಕರು ಗುಂಡಿಗಿಂತ ಹೆಚ್ಚಾಗಿ ರೋಗಕ್ಕೆ ಬಲಿಯಾದರು. ತರಬೇತಿ ಶಿಬಿರಗಳಲ್ಲೇ ಟೈಫಾಯ್ಡ್ ಹಬ್ಬಿತು, ವೈದ್ಯರು ಸಾಲಲಿಲ್ಲ. 1908ರ ಏಪ್ರಿಲ್ 23ರ ಕಾನೂನು ವೈದ್ಯರ ಮೀಸಲು ದಳವೊಂದನ್ನು ಕಟ್ಟಿತು. ಯುದ್ಧ ಬಂದಾಗ ಕೇಂದ್ರ ನೇರವಾಗಿ ಕರೆಯಬಹುದಾದ, ಯಾವ ಗವರ್ನರನ ಹಂಗೂ ಇಲ್ಲದ ದಳ ಅದು. ಈ ಅನುಕೂಲದ ರುಚಿ ಹತ್ತಿದ ಮೇಲೆ 1916ರ ಕಾಯ್ದೆ ಅದನ್ನು ಉಳಿದ ಶಾಖೆಗಳಿಗೂ ವಿಸ್ತರಿಸಿತು. ಇತ್ತ ಗಾರ್ಡ್‌ನ ಗಂಟು ಬಿಡಿಸಲು 1933ರಲ್ಲಿ ಒಂದು ಜಾಣ ಉಪಾಯ ಹೂಡಿದರು. ಗಾರ್ಡ್ ಸೇರುವವನು ಏಕಕಾಲಕ್ಕೆ ರಾಜ್ಯದ ಪಡೆಗೂ ಕೇಂದ್ರದ ಮೀಸಲು ಪಡೆಗೂ ಸೇರಿದಂತೆ. ಅವನ ಪ್ರತಿಜ್ಞೆಯಲ್ಲಿ ಅಧ್ಯಕ್ಷರ ಆಜ್ಞೆಯ ಜತೆ ಗವರ್ನರನ ಆಜ್ಞೆಯೂ ಇದೆ. (ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ, ಮುಖ್ಯಮಂತ್ರಿಯಂತೆ ಗೆದ್ದು ಬಂದು ಆಳುವವರು. ನಮ್ಮ ಟೆರಿಟೋರಿಯಲ್ ಆರ್ಮಿಗೆ ಈ ತಾಪತ್ರಯವಿಲ್ಲ. ಅದು ಮೊದಲಿನಿಂದಲೂ ಕೇಂದ್ರದ್ದೇ.)

ಇಬ್ಬರು ಒಡೆಯರು ಎದುರು ಬದುರಾದರೆ ಏನಾಗುತ್ತದೆಂದು 1957ರ ಸೆಪ್ಟೆಂಬರಿನಲ್ಲಿ ಲಿಟ್ಲ್ ರಾಕ್ ಕಂಡಿತು. ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೆಂಟ್ರಲ್ ಹೈಸ್ಕೂಲಿಗೆ ಕಾಲಿಡದಂತೆ ತಡೆಯಲು ಅರ್ಕನ್ಸಾ ಗವರ್ನರ್ ಆರ್ವಲ್ ಫಾಬಸ್ ಗಾರ್ಡನ್ನು ನಿಲ್ಲಿಸಿದರು. ಸುಮಾರು ಮೂರು ವಾರದಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಇಡೀ ಅರ್ಕನ್ಸಾ ಗಾರ್ಡನ್ನು ಕೇಂದ್ರದ ವಶಕ್ಕೆ ತೆಗೆದುಕೊಂಡರು. ಮಕ್ಕಳನ್ನು ತಡೆದಿದ್ದ ಪಡೆಗೇ ಈಗ ಅವರನ್ನು ಕಾಯುವ ಕೆಲಸ. 1980ರ ದಶಕದಲ್ಲಿ ಮಿನೆಸೋಟದ ಗವರ್ನರ್ ರೂಡಿ ಪರ್ಪಿಚ್ ತಮ್ಮ ಗಾರ್ಡನ್ನು ಮಧ್ಯ ಅಮೆರಿಕಕ್ಕೆ ತರಬೇತಿಗೆ ಕಳಿಸುವುದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಕೇಂದ್ರದ ಪರ ನಿಂತಿತು. ಹಾಗೆಂದು ಜಗಳ ಮುಗಿದಿಲ್ಲ. 2025ರ ಜೂನ್‌ನಲ್ಲಿ ಟ್ರಂಪ್, ಗವರ್ನರ್ ಬೇಡವೆಂದರೂ ಕ್ಯಾಲಿಫೋರ್ನಿಯಾ ಗಾರ್ಡನ್ನು ಲಾಸ್ ಏಂಜಲೀಸ್ ಬೀದಿಗಿಳಿಸಿದರು.

ಸೇವೆ ಮುಗಿಸಿ ಹೊರಡುವ ಸೈನಿಕನಿಗೆ ತೋರಿಸುವ ಸವಲತ್ತುಗಳೆಲ್ಲ ಈ ಜಗಳದ ಫಲವೆಂದೇ ನನಗನ್ನಿಸುತ್ತದೆ. ಗಾರ್ಡ್ ಸೇರಿದರೆ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಕಾಲೇಜಿನ ಶುಲ್ಕ ಮಾಫಿಯಿದೆ, ಅಥವಾ ರಿಯಾಯಿತಿಯಿದೆ. ಅದು ರಾಜ್ಯ ತನ್ನ ಸಿಪಾಯಿಗೆ ತನ್ನ ಬೊಕ್ಕಸದಿಂದ ಕೊಡುವ ಹಣ. ರಿಸರ್ವ್‌ಗೆ ಹಾಗೆ ಕೊಡಲು ರಾಜ್ಯವೇ ಇಲ್ಲ. ಪ್ರತಿಯಾಗಿ ಪ್ರವಾಹ, ಕಾಳ್ಗಿಚ್ಚು, ಚಂಡಮಾರುತ ಏನೇ ಬಂದರೂ ನಡುರಾತ್ರಿ ಫೋನ್ ಬರುವುದು ಗಾರ್ಡ್‌ನವನಿಗೆ. 2005ರ ಕತ್ರೀನಾ ಚಂಡಮಾರುತಕ್ಕೆ ದೇಶದ ಮೂಲೆಮೂಲೆಯಿಂದ 50,000ಕ್ಕೂ ಹೆಚ್ಚು ಗಾರ್ಡ್ ಸೈನಿಕರು ಹೋದರು. ಬೇರೆ ರಾಜ್ಯದಲ್ಲಿ ನೌಕರಿ ಸಿಕ್ಕಿತೆನ್ನಿ: ರಿಸರ್ವ್‌ನವನಿಗೆ ಅದು ಘಟಕದ ಬದಲಾವಣೆ, ಗಾರ್ಡ್‌ನವನಿಗೆ ಒಬ್ಬ ಗವರ್ನರನಿಂದ ಬಿಡಿಸಿಕೊಂಡು ಇನ್ನೊಬ್ಬನ ಬಳಿ ಸೇರಬೇಕಾದ ಕಡತ.

ಕೆಲಸದ ಹಂಚಿಕೆಯೂ ಇದೇ ಮಾದರಿಯದು. 1990ರ ದಶಕದ ಆರಂಭದಲ್ಲಾದ ಒಪ್ಪಂದದಂತೆ ಕಾದಾಡುವ ಪಡೆಗಳು ಬಹುತೇಕ ಗಾರ್ಡ್‌ಗೆ ಹೋದವು. ಸಾರಿಗೆ, ವೈದ್ಯಕೀಯ, ಸರಬರಾಜು ರಿಸರ್ವ್ ಪಾಲಿಗೆ ಬಂದವು. ರಿಸರ್ವ್‌ನಲ್ಲಿ ಉಳಿದ ಕಾಲಾಳು ಪಡೆ ಹವಾಯಿಯ 100ನೇ ಬೆಟಾಲಿಯನ್ ಮಾತ್ರ. ಹಾಗಾಗಿ ಟ್ಯಾಂಕ್ ಓಡಿಸುತ್ತಿದ್ದವನು ಮನೆಗೆ ಮರಳಿ, ಹತ್ತಿರದಲ್ಲಿರುವುದು ರಿಸರ್ವ್‌ನ ಲಾರಿ ಕಂಪನಿ ಒಂದೇ ಎಂದು ಕಂಡುಕೊಂಡರೆ, ಎರಡೇ ದಾರಿ. ತಿಂಗಳಿಗೊಮ್ಮೆ ದೂರದ ಗಾರ್ಡ್ ಘಟಕಕ್ಕೆ ಸ್ವಂತ ಕಾರು ಓಡಿಸಬೇಕು, ಇಲ್ಲವೇ ಲಾರಿ ಓಡಿಸುವುದನ್ನು ಕಲಿಯಬೇಕು.