ಅಂಟೆನಾ ಅಳತೆ ತಪ್ಪಿದರೆ ಬೆಂಗಳೂರೂ ದೂರ

ಹೊಸೂರಿಗೆ ತೆಂಕಣದ ತಳಿ ಸೀಮೆಯಲ್ಲಿ ನಮ್ಮೂರು. ಕಚೇರಿ ಕಾಗದ ತಮಿಳು, ಮನೆಮಾತು ಕನ್ನಡ, ಸಂತೆಗೆ ಹೋದರೆ ತೆಲುಗೂ ಸೇರುತ್ತದೆ. ಬಡಗಣಕ್ಕೆ ಬೆಂಗಳೂರು ಹೆಚ್ಚು ದೂರವೇನಿಲ್ಲ. ಆದರೂ ಮನೆ ದಿಬ್ಬದ ಮರೆಗಿರುವುದರಿಂದ 101.3ರ ಆಕಾಶವಾಣಿ ಕಾಮನಬಿಲ್ಲು ನಮ್ಮ ರೇಡಿಯೋದಲ್ಲಿ ಬರೀ ಗೊರಗೊರ. ಕಣ್ಣು ಮಂಜಾದ ಅಮ್ಮನಿಗೆ ಪೇಪರು ಓದೋಕಾಗಲ್ಲ. ಮೊಬೈಲ್ ಹಿಡಿಯೋದು ಅವರಿಗೆ ಒಗ್ಗದು. "ಏನಪ್ಪಾ, ಇಷ್ಟು ಹತ್ತಿರದ ಬೆಂಗಳೂರು ಮಾತಾಡಲ್ವಾ?" ಅಂತ ದಿನಾ ಕೇಳೋರು.

ಮಹಡಿ ಮೇಲೆ ಹಳೇ ಟಿ.ವಿ. ಅಂಟೆನಾ ಇತ್ತು. ದೊಡ್ಡದಿದ್ದಷ್ಟೂ ಒಳ್ಳೆಯದೆಂದುಕೊಂಡು ಅದನ್ನೇ ರೇಡಿಯೋಗೆ ಜೋಡಿಸಿದೆ. ಗೊರಗೊರ ನಿಲ್ಲಲಿಲ್ಲ. ಟೇಪು ಹಿಡಿದು ಅಳೆದ ಮೇಲೆ ತಪ್ಪು ತಿಳಿಯಿತು.

ಜೋಕಾಲಿಗೆ ತನ್ನದೇ ಲಯವಿದೆಯಲ್ಲ? ಹಗ್ಗ ಉದ್ದವಾದರೆ ತೂಗು ನಿಧಾನ, ಗಿಡ್ಡವಾದರೆ ಬೇಗ. ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಮಗು ತಳ್ಳಿದರೂ ಮೇಲೇರುತ್ತದೆ. ಅಂಟೆನಾವೂ ಹಾಗೇ. ಅದರ ಲಯಕ್ಕೆ ಅನುರಣನ ಆವೃತ್ತಿ ಎನ್ನುತ್ತಾರೆ. ಅದನ್ನು ಮುಖ್ಯವಾಗಿ ಉದ್ದವೇ ಗೊತ್ತುಮಾಡುತ್ತದೆ.

ಲೆಕ್ಕ ಸುಲಭ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಓಡುತ್ತದೆ. 101.3 ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 10 ಕೋಟಿ 13 ಲಕ್ಷ ಅಲೆ. ಭಾಗಿಸಿದರೆ ಒಂದು ಅಲೆ 2.96 ಮೀಟರ್. ಡೈಪೋಲಿಗೆ ಬೇಕಾದದ್ದು ಅರ್ಧ ಅಲೆ, 1.48 ಮೀಟರ್. ಲೋಹಕ್ಕೆ ದಪ್ಪವಿರುವುದರಿಂದ, ತುದಿಗಳ ಪರಿಣಾಮದಿಂದ, ಸುಮಾರು ನೂರಕ್ಕೆ 5 ಕಡಿಮೆ ಮಾಡಬೇಕು. ಉಳಿಯುವುದು 1.41 ಮೀಟರ್. ಚುಟುಕಾಗಿ, 142.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ; ಉದ್ದದಿಂದ ಭಾಗಿಸಿದರೆ ಆವೃತ್ತಿ.

ನಮ್ಮ ಹಳೇ ಅಂಟೆನಾ ತುದಿಯಿಂದ ತುದಿಗೆ 2.2 ಮೀಟರ್. ಲೆಕ್ಕ ಹಾಕಿ: ಸುಮಾರು 65 ಮೆಗಾಹರ್ಟ್ಸ್! ಅದು 61ರಿಂದ 68ರ ನಡುವಿನ ಹಳೇ 4ನೇ ಟಿ.ವಿ. ಚಾನೆಲ್ಲಿಗೆ ಒಪ್ಪುವ ಅಳತೆ, ಎಫ್.ಎಂ.ಗಲ್ಲ.

ಹೊಸದಾಗಿ ಮಡಚಿದ ಡೈಪೋಲನ್ನೇ ಕಟ್ಟಿದೆ. ನೇರ ಡೈಪೋಲಿನ ತಡೆ ಸುಮಾರು 73 ಓಮ್. ಒಂದೇ ದಪ್ಪದ ತಂತಿಯನ್ನು ಮಡಚಿದರೆ ಅದರ ನಾಲ್ಕರಷ್ಟು, ಅಂದರೆ 300ರ ಹತ್ತಿರ. ಹಳೇ ಸೆಟ್ಟಿನ ಚಪ್ಪಟೆ ವೈರೂ 300 ಓಮ್‌ನದೇ, ಜೋಡಿ ಸರಿಹೋಯಿತು. ದುಂಡು ಕೇಬಲ್ 75 ಓಮ್‌ನದು. ಅದನ್ನು ಹಾಕುವವರು ನಡುವೆ ಬಾಲನ್ ಎಂಬ ಪುಟ್ಟ ಡಬ್ಬಿ ಸೇರಿಸಬೇಕು.

ಸುಮಾರು 2.9 ಮೀಟರ್ ಬರಿ ತಾಮ್ರದ ತಂತಿ ತೆಗೆದುಕೊಂಡು, 1.41 ಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಉಂಗುರದಂತೆ ಬಿದಿರು ದಬ್ಬೆಗೆ ಕಟ್ಟಿದೆ. ಕೆಳತಂತಿಯ ನಟ್ಟನಡುವೆ ಕತ್ತರಿಸಿ, ಆ ಎರಡು ತುದಿಗೆ ವೈರು ಜೋಡಿಸಿದೆ. ಮೇಲುತಂತಿ ತುಂಡಾಗಬಾರದು. ಡೈಪೋಲು ತುದಿಗಳ ಕಡೆಯಿಂದಲ್ಲ, ಅಗಲಿನಿಂದ ಅಲೆ ಹಿಡಿಯುತ್ತದೆ. ಬೆಂಗಳೂರು ನಮಗೆ ಬಡಗಣಕ್ಕಿರುವುದರಿಂದ ದಬ್ಬೆಯನ್ನು ಮೂಡಣ–ಪಡುವಣವಾಗಿ ಇಟ್ಟೆ. ನೀವು ಅಡ್ಡಲಾಗಿಯೂ ನೆಟ್ಟಗೂ ಹಿಡಿದು ನೋಡಿ, ಚೆನ್ನಾಗಿ ಕೇಳುವಂತೆ ಕಟ್ಟಿ. ಕರೆಂಟ್ ತಂತಿಯ ಹತ್ತಿರ ಮಾತ್ರ ಹೋಗಬೇಡಿ.

ಮಡಚಿದ ಡೈಪೋಲು ಅಕ್ಕಪಕ್ಕದ ಆವೃತ್ತಿಗಳನ್ನೂ ಹಿಡಿಯುತ್ತದೆ, 102.9ರ ವಿವಿಧ ಭಾರತಿಗೆ ಬೇರೆ ಬೇಕಾಗಲಿಲ್ಲ. ತಾಳವಾಡಿಯವರು ಮೈಸೂರಿನ 100.6 ಕೇಳಬೇಕಾದರೆ 1.42 ಮೀಟರ್ ಇಟ್ಟುಕೊಳ್ಳಲಿ.

ಅವತ್ತು ಸಂಜೆ ಕೆಳಗಿಂದ ಅಮ್ಮನ ದನಿ: "ಇಳಿದು ಬಾರಪ್ಪ, ಇನ್ನು ಅದನ್ನ ಮುಟ್ಟಬೇಡ."