ಪುಟದಿಂದ ಬೆಳ್ಳಿತೆರೆಗೆ

ಆಂಗ್ಲ ಸಾಹಿತಿ ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತ ಕಥನವು 1954-55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ನರು ಇದನ್ನು 2001ರಿಂದ 2003ರೊಳಗೆ ಮೂರು ಚಲನಚಿತ್ರಗಳಾಗಿ ತೆರೆಗೆ ತಂದರು. ಕುಳ್ಳರಾದ ಹಾಬಿಟ್ಟರನ್ನು ತೋರಿಸಲು ಒಬ್ಬ ನಟನನ್ನು ಕ್ಯಾಮೆರಾದ ಸಮೀಪದಲ್ಲಿಯೂ ಮತ್ತೊಬ್ಬನನ್ನು ದೂರದಲ್ಲಿಯೂ ಇರಿಸಿ, ಇಬ್ಬರೂ ಜೊತೆಗಿರುವಂತೆ ಚಿತ್ರಿಸಿದರು. ದೂರದವನು ಕುಳ್ಳನಾಗಿ ಕಂಡನು. ಎಷ್ಟು ಸರಳವಾದ ಉಪಾಯ! ಕಥೆಯನ್ನು ಕಿರಿದುಗೊಳಿಸಲು ಇಂತಹ ಉಪಾಯವಿಲ್ಲ. ವನವಾಸಿ ಟಾಮ್ ಬೊಂಬಾಡಿಲನ ಪ್ರಸಂಗವನ್ನು ಕೈಬಿಟ್ಟುದರಿಂದ ಕಥೆಯ ಓಟಕ್ಕೆ ಹಾನಿಯಾಗಲಿಲ್ಲ. ಆದರೆ, ಯುದ್ಧ ಗೆದ್ದು ಮರಳಿದ ಹಾಬಿಟ್ಟರು ತಮ್ಮ ಹುಟ್ಟೂರೇ ಹಾಳಾಗಿರುವುದನ್ನು ಕಾಣುವ ಅಧ್ಯಾಯವನ್ನೂ ಬಿಟ್ಟರು. ಇದು ನಷ್ಟವೇ ಸರಿ. ಮೂರನೆಯ ಚಿತ್ರಕ್ಕೆ 11 ಆಸ್ಕರ್ ಪ್ರಶಸ್ತಿಗಳು ದೊರೆತವು. ತಂದೆಯ ಹಸ್ತಪ್ರತಿಗಳನ್ನು ಸಂಪಾದಿಸಿದ ಮಗ ಕ್ರಿಸ್ಟೊಫರ್ ಮಾತ್ರ ಈ ಚಿತ್ರಗಳನ್ನು ಮೆಚ್ಚಲಿಲ್ಲ.