ಬಿತ್ತುವುದು ವಿಕಿರಣ, ಬೆಳೆಸುವುದು ಹಾರ್ಮೋನ್

ಸಿಡ್ನಿಯ ಗಿರಾವೀನ್‌ನಲ್ಲಿ ನೆಲೆಸಿರುವ ಕನ್ನಡದ ಹೆಂಗಸರಿಗೆ ಐವತ್ತು ತುಂಬುತ್ತಿದ್ದಂತೆ ಬ್ರೆಸ್ಟ್‌ಸ್ಕ್ರೀನ್‌ನಿಂದ ಪತ್ರ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಉಚಿತ ಮ್ಯಾಮೊಗ್ರಾಮ್, ಬಂದು ಮಾಡಿಸಿಕೊಳ್ಳಿ ಎನ್ನುವ ಕರೆ. ಅದರ ಬೆನ್ನಿಗೇ ಒಂದು ಅನುಮಾನವೂ ಏಳುತ್ತದೆ: ಎಕ್ಸ್‌ರೇಯಿಂದಲೇ ಕ್ಯಾನ್ಸರ್ ಬರುತ್ತದಂತಲ್ಲ, ಹುಡುಕಲು ಹೋಗಿ ನಾವೇ ತಂದುಕೊಂಡ ಹಾಗಾಗುವುದಿಲ್ಲವೇ?

ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಉತ್ತರದ ದೊಡ್ಡ ಪಾಲು ಇಲಿಗಳಿಂದ ಬಂದಿದೆ.

ಕಥೆ ಆರಂಭವಾಗುವುದು ವಿಕಿರಣದಿಂದಲ್ಲ, ಅಂಡಾಶಯದಿಂದ. ಅಮೆರಿಕದ ಗ್ರ್ಯಾನ್‌ಬಿ ಎಂಬ ಊರಿನಲ್ಲಿ ಆಬಿ ಲಾಥ್ರಾಪ್ ಎಂಬ ಮಹಿಳೆ ಮಾರಾಟಕ್ಕೆಂದು ಇಲಿ ಸಾಕುತ್ತಿದ್ದರು. ರೋಗವಿಜ್ಞಾನಿ ಲಿಯೋ ಲೋಬ್ ಜೊತೆ ಸೇರಿ ಅವರು 1916ರಲ್ಲಿ ಪ್ರಕಟಿಸಿದ ಸಂಗತಿ ಇಂದಿಗೂ ಬೆರಗು ಹುಟ್ಟಿಸುತ್ತದೆ: ಎಳೆಯದರಲ್ಲೇ ಅಂಡಾಶಯ ತೆಗೆದ ಇಲಿಗಳಿಗೆ ಸ್ತನ ಕ್ಯಾನ್ಸರ್ ಬರುವುದು ತೀರಾ ಕಡಿಮೆ. 1932ರಲ್ಲಿ ಆಂಟ್ವಾನ್ ಲಕಸಾಞ್ ಇದನ್ನೇ ತಿರುಗಿಸಿ ನೋಡಿದರು. ಗಂಡು ಇಲಿಗಳಿಗೆ ಹೆಣ್ಣಿನ ಹಾರ್ಮೋನ್ ಚುಚ್ಚಿದರು. ಗಂಡುಗಳಲ್ಲೂ ಸ್ತನದ ಗಡ್ಡೆ ಬೆಳೆಯಿತು. ಲಕಸಾಞ್ ಕೆಲಸ ಮಾಡುತ್ತಿದ್ದದ್ದು ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ. ವಿಕಿರಣವನ್ನೇ ಅಭ್ಯಾಸ ಮಾಡುವ ಮನೆಯಲ್ಲಿ ಹಾರ್ಮೋನಿನ ಕೈವಾಡ ಬಯಲಾಯಿತು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಎರಡನೇ ಮಹಾಯುದ್ಧದ ಬಳಿಕ. ನ್ಯೂಯಾರ್ಕಿನ ಬ್ರುಕ್‌ಹೇವನ್ ಪ್ರಯೋಗಾಲಯದಲ್ಲಿ ವಿಕ್ಟರ್ ಬಾಂಡ್, ಯೂಜೀನ್ ಕ್ರಾಂಕೈಟ್, ಕ್ಲೇರ್ ಶೆಲಬಾರ್ಗರ್ ಅವರು ಸ್ಪ್ರಾಗ್-ಡಾಲಿ ತಳಿಯ ಹೆಣ್ಣು ಇಲಿಗಳ ಮೇಲೆ 400 ರಾಂಟ್ಜನ್‌ವರೆಗೆ, ಈಗಿನ ಅಳತೆಯಲ್ಲಿ ಹತ್ತಿರಹತ್ತಿರ 4 ಗ್ರೇ, ವಿಕಿರಣ ಹಾಯಿಸಿದರು. ಪ್ರಮಾಣ ಏರಿದಂತೆ ಗಡ್ಡೆಗಳೂ ಏರಿದವು. ಆದರೆ ಅಂಡಾಶಯ ತೆಗೆದ ಇಲಿಗಳಲ್ಲಿ ಅಷ್ಟೇ ವಿಕಿರಣಕ್ಕೆ ಗಡ್ಡೆಗಳು ಬಹಳ ಕಡಿಮೆ. 1971ರಲ್ಲಿ ಸೆಗಲಾಫ್ ಮತ್ತು ಮ್ಯಾಕ್ಸ್‌ಫೀಲ್ಡ್ ಬೇರೊಂದು ತಳಿಗೆ ವಿಕಿರಣವನ್ನೂ ಕೃತಕ ಈಸ್ಟ್ರೋಜನನ್ನೂ ಕೊಟ್ಟಾಗ, ಎರಡರ ಜಂಟಿ ಪರಿಣಾಮ ಬಿಡಿಬಿಡಿ ಪರಿಣಾಮಗಳ ಮೊತ್ತವನ್ನು ಮೀರಿತು.

ರೈತರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಭೂಮಿಯಲ್ಲಿ ಬಿದ್ದ ಕಳೆಬೀಜ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಮುಂಗಾರು ಹಿಡಿಯಿತೋ, ಬಿತ್ತಿದ ರಾಗಿಯ ಜೊತೆ ಅದೂ ತಲೆ ಎತ್ತುತ್ತದೆ. ವಿಕಿರಣ ಜೀವಕೋಶದ ಡಿಎನ್‌ಎ ಕೆಡಿಸುವುದು ಬೀಜ ಉದುರಿದಂತೆ. ತಿಂಗಳು ತಿಂಗಳು ಏರಿಳಿಯುವ ಹಾರ್ಮೋನ್, ಮಳೆ. ಮಳೆಗೆ ಕಳೆ ಯಾವುದು, ಬೆಳೆ ಯಾವುದು ಎಂಬ ಭೇದವಿಲ್ಲ.

ಮಣ್ಣಿನ, ಅಂದರೆ ಕೋಶಗಳ ಸುತ್ತಲಿನ ಅಂಗಾಂಶದ, ಪಾತ್ರವನ್ನು ತೋರಿಸಿದವರು ಕ್ಯಾಲಿಫೋರ್ನಿಯಾದ ಮೇರಿ ಹೆಲೆನ್ ಬಾರ್ಸೆಲೋಸ್-ಹಾಫ್. ಮೂರು ವಾರದ ಇಲಿಮರಿಯಲ್ಲಿ ಹಾಲಿನ ನಾಳ ಇನ್ನೂ ಮೊಲೆತೊಟ್ಟಿನ ಬಳಿಯೇ ಇರುತ್ತದೆ. ಅಷ್ಟನ್ನು ಕತ್ತರಿಸಿ ತೆಗೆದರೆ ಕೊಬ್ಬಿನ ಮೆತ್ತೆ ಖಾಲಿ ಉಳಿಯುತ್ತದೆ. ಅವರು ಹೀಗೆ ಖಾಲಿ ಮಾಡಿದ ಇಲಿಗಳಿಗೆ ವಿಕಿರಣ ಕೊಟ್ಟು, ಆಮೇಲೆ ವಿಕಿರಣವನ್ನೇ ಕಾಣದ ಕೋಶಗಳನ್ನು ಅಲ್ಲಿ ನೆಟ್ಟರು. 2000ದಲ್ಲಿ ಬಂದ ಫಲಿತಾಂಶ: ವಿಕಿರಣ ತಾಗಿದ ಮೆತ್ತೆಯಲ್ಲಿ ನೆಟ್ಟ ಕೋಶಗಳು ಹೆಚ್ಚು ಗಡ್ಡೆ ಕಟ್ಟಿದವು.

ಅದೇ ಖಾಲಿ ಮೆತ್ತೆಯಲ್ಲಿ ಮೆಲ್ಬರ್ನ್‌ನವರೂ ದೊಡ್ಡದನ್ನು ಸಾಧಿಸಿದರು. ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ಜೇನ್ ವಿಸ್ವಾಡರ್ ಮತ್ತು ಜೆಫ್ ಲಿಂಡೆಮನ್ ಅವರ ತಂಡ 2006ರಲ್ಲಿ ಒಂದೇ ಒಂದು ಕಾಂಡಕೋಶವನ್ನು ನೆಟ್ಟು ಇಡೀ ಸ್ತನಗ್ರಂಥಿಯನ್ನೇ ಬೆಳೆಸಿತು. 2010ರಲ್ಲಿ ಇನ್ನೂ ಸ್ವಾರಸ್ಯದ ವಿಷಯ ಹೊರಬಂತು. ಈ ಕಾಂಡಕೋಶಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್‌ಗಳ ಗ್ರಾಹಕಗಳೇ ಇಲ್ಲ, ಆದರೂ ಅವು ಹಾರ್ಮೋನಿನ ಮಾತು ಕೇಳುತ್ತವೆ! ಬಸುರಿಯಾದ ಇಲಿಯಲ್ಲಿ ಅವುಗಳ ಸಂಖ್ಯೆ 11 ಪಟ್ಟು ಹೆಚ್ಚಿತು. ನೆರೆಯ ಕೋಶಗಳು ಹಾರ್ಮೋನನ್ನು ಗ್ರಹಿಸಿ, ರ್‍ಯಾಂಕ್‌ಎಲ್ ಎಂಬ ಪ್ರೋಟೀನಿನ ಮೂಲಕ ಸುದ್ದಿ ಮುಟ್ಟಿಸುತ್ತವೆ. ಆ ಪ್ರೋಟೀನನ್ನು ತಡೆಯುವ ಡೆನೊಸುಮ್ಯಾಬ್ ಎಂಬ ಔಷಧಿ ಮೂಳೆಸವೆತಕ್ಕೆ ಈಗಾಗಲೇ ಬಳಕೆಯಲ್ಲಿದೆ. ಬಿಆರ್‌ಸಿಎ1 ಎಂಬ ಜೀನಿನಲ್ಲಿ ದೋಷ ಹೊತ್ತ ಹೆಂಗಸರಿಗೆ ಅದು ಕ್ಯಾನ್ಸರ್ ಬಾರದಂತೆ ತಡೆದೀತೇ ಎಂಬ ಅಂತಾರಾಷ್ಟ್ರೀಯ ಪ್ರಯೋಗಕ್ಕೆ ಈ ಇಲಿಗಳೇ ದಾರಿ ಮಾಡಿಕೊಟ್ಟವು.

ಇಲಿಯ ಫಲಿತಾಂಶವನ್ನು ಹಾಗೆಹಾಗೆಯೇ ಹೆಂಗಸಿಗೆ ಅಂಟಿಸುವ ಸುದ್ದಿಗಳನ್ನು ಮಾತ್ರ ನಂಬಬಾರದು. ಸ್ಪ್ರಾಗ್-ಡಾಲಿ ಇಲಿಗಳಿಗೆ ವಯಸ್ಸಾದಂತೆ ವಿಕಿರಣವಿಲ್ಲದೆಯೂ ಗಡ್ಡೆ ಬರುತ್ತದೆ. ವಿಕಿರಣದಿಂದ ಬಂದವುಗಳಲ್ಲೂ ಎಷ್ಟೋ ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಆದರೆ ವಯಸ್ಸಿನ ವಿಷಯದಲ್ಲಿ ಮನುಷ್ಯರ ಸಾಕ್ಷ್ಯ ಗಟ್ಟಿಯಾಗಿದೆ. ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರ ಪೈಕಿ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು ಏರಿದ್ದು ಇಪ್ಪತ್ತು ತುಂಬುವ ಮೊದಲೇ ವಿಕಿರಣಕ್ಕೆ ಒಡ್ಡಿಕೊಂಡವರಲ್ಲಿ. ಹದಿಹರೆಯದ ಹುಡುಗಿಯರ ಎದೆಗೆ ಸಿ.ಟಿ. ಬರೆದುಕೊಟ್ಟಾಗ ‘ಇದು ಬೇಕೇ ಬೇಕಾ ಡಾಕ್ಟ್ರೇ?’ ಎಂದು ತಾಯಿ ಕೇಳುವುದು ಅದಕ್ಕೇ ಸರಿ.

ಐವತ್ತು ದಾಟಿದ ತಾಯಿಯ ಲೆಕ್ಕ ಬೇರೆ. ಮ್ಯಾಮೊಗ್ರಾಮಿನಲ್ಲಿ ಸ್ತನಕ್ಕೆ ತಗಲುವುದು ಕೆಲವೇ ಮಿಲಿಗ್ರೇ, ಬ್ರುಕ್‌ಹೇವನ್‌ನ ಇಲಿಗಳಿಗೆ ಕೊಟ್ಟ ಗರಿಷ್ಠ ಪ್ರಮಾಣದ ಸಾವಿರದಲ್ಲೊಂದು ಪಾಲಿನ ಆಸುಪಾಸು. ಅಂಡಾಶಯದ ಹಾರ್ಮೋನೂ ಆ ವಯಸ್ಸಿಗೆ ಇಳಿಮುಖ. ಈ ಅಪಾಯಕ್ಕೆ ಹೆದರಿ, ಬೇಗ ಸಿಕ್ಕಿದರೆ ಗುಣವಾಗುವ ಗಡ್ಡೆಯನ್ನು ಬಚ್ಚಿಟ್ಟುಕೊಳ್ಳುವುದು ತಪ್ಪು. ಪತ್ರ ಬಂದಿದ್ದರೆ ಸಮಯ ಗೊತ್ತುಮಾಡಿಕೊಳ್ಳಿ: ಬ್ರೆಸ್ಟ್‌ಸ್ಕ್ರೀನ್ ಸಂಖ್ಯೆ 13 20 50, ದುಭಾಷಿ ಬೇಕಿದ್ದರೆ 13 14 50.